ಬೂನ್ ಕಡಿದ ದಾರಿಯಲ್ಲಿ ಮೂರು ಮರದ ಕೋಟೆಗಳು

ಅಪ್ಪ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಸಾಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಮರ ಕಂಡರೆ ಮೊದಲು ಮುಟ್ಟುತ್ತಾರೆ, ಆಮೇಲೆ ಮೂಸುತ್ತಾರೆ, ಮಾತು ಆಮೇಲೆ. ಈ ಸಲ ಅಮೆರಿಕದ ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನ ನಮ್ಮ ಮನೆಗೆ ಬಂದಾಗ "ಏನು ನೋಡ್ತೀರಿ ಅಪ್ಪ, ನ್ಯೂಯಾರ್ಕಾ, ನಯಾಗರಾನಾ?" ಅಂತ ಕೇಳಿದೆ. ಅವರು ಮೊಮ್ಮಗನ ಶಾಲೆ ಪುಸ್ತಕ ತಂದು ಒಂದು ಚಿತ್ರ ತೋರಿಸಿದರು. ಕಾಡಿನ ನಡುವೆ ದಿಮ್ಮಿಗಳನ್ನು ಸಾಲಾಗಿ ನೆಟ್ಟು ಕಟ್ಟಿದ ಕೋಟೆ. "ಮರದ್ದಂತೆ. ಇದನ್ನ ನೋಡಬೇಕು" ಅಂದರು.

ನಮಗೆ ಕೋಟೆ ಅಂದರೆ ಕಲ್ಲು. ಚಿತ್ರದುರ್ಗ, ಕವಲೇದುರ್ಗ. ಮರದಲ್ಲಿ ಕೋಟೆ ಕಟ್ಟುವುದು ಅಪ್ಪನಿಗೆ ನಂಬಲಾಗದ ವಿಷಯ. ಮಗ ನಾಲ್ಕನೇ ಕ್ಲಾಸು, ಅವನಿಗೆ ಈ ವರ್ಷ ಇದೇ ಚರಿತ್ರೆ ಪಾಠ. ಮನೆಯವರಿಗೆ ಆಫೀಸು, ಅಮ್ಮನಿಗೆ ಮೊಣಕಾಲು ನೋವು. ಹಾಗಾಗಿ ಅಕ್ಟೋಬರ್ ಕೊನೆಯ ವಾರ ನಾವು ಮೂವರೇ ಹೊರಟೆವು. 1775ರಲ್ಲಿ ಡೇನಿಯಲ್ ಬೂನ್ ಎಂಬ ಬೇಟೆಗಾರ ಸುಮಾರು ಮೂವತ್ತು ಜನ ಕೊಡಲಿಯವರ ಜೊತೆ ಬೆಟ್ಟ ದಾಟಿ ಕೆಂಟಕಿಗೆ ಕಡಿದ ದಾರಿ ಇದೆಯಲ್ಲ, ಅದೇ ದಾರಿಯಲ್ಲಿ, ಅವನು ಹೋದ ದಿಕ್ಕಿನಲ್ಲೇ ಹೋಗಬೇಕು ಅಂತ ನನ್ನ ಆಸೆ. ದಾರಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ಮೂರು ಕೋಟೆಗಳು ಸಿಗುತ್ತವೆ.

ಮೊದಲ ದಿನ: ನದಿ ದಂಡೆಯ ವ್ಯಾಪಾರ

ಬೆಳಿಗ್ಗೆ ಆರಕ್ಕೆ ಹೊರಟು 321ನೇ ರಸ್ತೆ ಹಿಡಿದೆವು. ಲೆನ್ವಾರ್ ದಾಟುತ್ತಲೇ ಏರು ಶುರು. ಬ್ಲೋಯಿಂಗ್ ರಾಕ್ ಬಳಿ ಮಂಜು ಎಷ್ಟಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬೂನ್ ಹೆಸರಿನದೇ ಊರೊಂದು ಬೆಟ್ಟದ ಮೇಲಿದೆ, 3,333 ಅಡಿ ಎತ್ತರದಲ್ಲಿ. ಅಲ್ಲಿ ಒಂದು ಬೆಂಚಿನ ಮೇಲೆ ಕೂತು ಅಮ್ಮ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ತಿಂದೆವು. ಗಾಳಿ ಕೊರೆಯುತ್ತಿತ್ತು. ಕೆಳಗೆ ಷಾರ್ಲಟ್‌ನಲ್ಲಿ ತೆಳು ಶರಟಿನಲ್ಲಿ ಓಡಾಡುವ ದಿನದಲ್ಲೂ ಇಲ್ಲಿಗೆ ಸ್ವೆಟರ್ ಬೇಕೇ ಬೇಕು.

ಟೆನ್ನೆಸ್ಸಿಯೊಳಗೆ ವಟಾಗಾ ಕೆರೆಯ ಪಕ್ಕದ ರಸ್ತೆ ಅಂದರೆ ಬರೀ ತಿರುವು. ಒಂದು ಕಡೆ ನೀರು, ಇನ್ನೊಂದು ಕಡೆ ಹಳದಿ ಕೆಂಪು ಎಲೆಯ ಗುಡ್ಡ. ಅಪ್ಪನಿಗೆ ಆಗುಂಬೆ ಘಾಟಿ ನೆನಪಾಯಿತು, ಮಗನಿಗೆ ತಿಂದ ಚಪಾತಿ ನೆನಪಾಯಿತು. ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಬರುವವರು ತಿಂಡಿಯನ್ನು ಘಾಟಿ ಇಳಿದ ಮೇಲೆ ಕೊಡುವುದು ಒಳ್ಳೆಯದು.

ಎಲಿಝಬೆತ್‌ಟನ್ ಊರಿನಲ್ಲಿ ಸೈಕಮೋರ್ ಶೋಲ್ಸ್ ಪಾರ್ಕ್ ಇದೆ. ಒಳಗೆ ವಟಾಗಾ ಕೋಟೆ. 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಅದೂ ಮೂಲ ಜಾಗದಲ್ಲಲ್ಲ. ಕೆಲವು ದಿಮ್ಮಿ ಮನೆಗಳು, ನಡುನಡುವೆ ಚೂಪು ತುದಿಯ ಕಂಬಗಳ ಸಾಲು, ಮಧ್ಯೆ ಹುಲ್ಲಿನ ಅಂಗಳ. "ಇಷ್ಟೇನಾ?" ಅಂದ ಮಗ. ಚಿಕ್ಕದೇ. ಇದು ರಾಜನ ಕೋಟೆ ಅಲ್ಲ. ದಾಳಿಯ ಸುದ್ದಿ ಬಂದಾಗ ಸುತ್ತಮುತ್ತಲಿನ ಹೊಲಗಳಿಂದ ಜನ ದನಕರು ಹೊಡೆದುಕೊಂಡು ಓಡಿಬಂದು ಸೇರಿಕೊಳ್ಳುತ್ತಿದ್ದ ಜಾಗ. 1776ರ ಜುಲೈನಲ್ಲಿ ಈ ನೆಲದ ಮೂಲನಿವಾಸಿಗಳಾದ ಚೆರೋಕಿಗಳ ಪಡೆ ಬಂದಾಗ ಹಾಲು ಕರೆಯಲು ಹೊರಗೆ ಹೋಗಿದ್ದ ಹೆಂಗಸರಿಗೆ ಬಾಗಿಲು ಮುಚ್ಚಿಹೋಯಿತು. ಕ್ಯಾಥರಿನ್ ಶೆರಿಲ್ ಎಂಬ ಹುಡುಗಿ ಓಡಿಬಂದು ಕಂಬಗಳ ಮೇಲೆ ಹತ್ತಿದಳು, ಜಾನ್ ಸೆವಿಯರ್ ಅವಳನ್ನು ಒಳಗೆಳೆದುಕೊಂಡ ಅಂತ ಇಲ್ಲಿನ ಪ್ರಸಿದ್ಧ ಕತೆ. ಮುಂದೆ ಅವಳನ್ನೇ ಮದುವೆಯಾದ, ಟೆನ್ನೆಸ್ಸಿಯ ಮೊದಲ ಗವರ್ನರ್ ಆದ.

ಅಪ್ಪ ಕತೆ ಕೇಳುತ್ತಿರಲಿಲ್ಲ. ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಒತ್ತಿ ನೋಡುತ್ತಿದ್ದರು. "ನೋಡು ಪುಟ್ಟಿ, ಮರ ಕೆಡೋದು ಮೇಲೂ ಅಲ್ಲ, ಆಳದಲ್ಲೂ ಅಲ್ಲ. ಮಣ್ಣೂ ಗಾಳಿಯೂ ಕೂಡೋ ಈ ಒಂದು ಗೇಣಿನಲ್ಲಿ. ನೆಟ್ಟ ಕಂಬ ಎಷ್ಟು ಒಳ್ಳೆ ಚೇಗಿನದಾದರೂ ಇಲ್ಲೇ ಸೋಲೋದು." ಆಗ ನನಗೆ ಹೊಳೆಯಿತು, ಈ ದೇಶದಲ್ಲಿ ಆ ಕಾಲದ ಮರದ ಕೋಟೆಗಳು ಯಾಕೆ ಉಳಿದಿಲ್ಲ ಅಂತ. ನೋಡಬೇಕೆಂದರೆ ಮತ್ತೆ ಕಟ್ಟಬೇಕು, ಕಟ್ಟಿದ್ದನ್ನೂ ಆಗಾಗ ಮತ್ತೆ ಕಟ್ಟುತ್ತಿರಬೇಕು.

ಕೋಟೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದಿನ ನದಿ. ವಟಾಗಾ ಇಲ್ಲಿ ಮೊಣಕಾಲುದ್ದಕ್ಕೆ ಹರಡಿಕೊಂಡು ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುತ್ತದೆ. 1775ರ ಮಾರ್ಚ್‌ನಲ್ಲಿ ಈ ದಂಡೆಯ ಮೇಲೆ ನೂರಾರು ಚೆರೋಕಿಗಳು ಸೇರಿದ್ದರು. ರಿಚರ್ಡ್ ಹೆಂಡರ್ಸನ್ ಎಂಬ ನಾರ್ತ್ ಕ್ಯಾರೊಲೈನಾದ ಜಡ್ಜ್ ಒಂದು ಕಂಪನಿ ಕಟ್ಟಿಕೊಂಡು ಬಂದಿದ್ದ. 10,000 ಪೌಂಡ್ ಬೆಲೆಯ ಬಟ್ಟೆಬರೆ, ಬಂದೂಕು, ಸಾಮಾನು ಕೊಟ್ಟು ಸುಮಾರು 2 ಕೋಟಿ ಎಕರೆ ಬರೆಸಿಕೊಂಡ. ಈಗಿನ ಕೆಂಟಕಿಯ ಬಹುಭಾಗ ಅದರಲ್ಲಿ ಬಂತು. ಬೆಟ್ಟದ ಆಚೆ ಯಾರೂ ನೆಲೆಸಬಾರದು ಅಂತ ಬ್ರಿಟಿಷ್ ದೊರೆ 1763ರಲ್ಲೇ ಆಜ್ಞೆ ಮಾಡಿದ್ದ, ಖಾಸಗಿಯವರು ಹೀಗೆ ಭೂಮಿ ಕೊಳ್ಳುವಂತೆಯೂ ಇರಲಿಲ್ಲ. ವ್ಯಾಪಾರ ಮಾತ್ರ ನಡೆದುಹೋಯಿತು. ಒಬ್ಬ ಚೆರೋಕಿಗೆ ಪಾಲಿಗೆ ಬಂದದ್ದು ಒಂದೇ ಅಂಗಿ ಅಂತೆ. ಆ ಕಾಡಿನಲ್ಲಿ ಒಂದು ದಿನ ಬೇಟೆಯಾಡಿದ್ದರೆ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು ಅಂದನಂತೆ.

ಒಪ್ಪಿದ ಹಿರಿಯರಲ್ಲಿ ಒಬ್ಬ ಅಟಾಕುಲ್ಲಾಕುಲ್ಲಾ. ಇಂಗ್ಲಿಷರು ಅವನನ್ನು 'ಪುಟ್ಟ ಬಡಗಿ' ಅನ್ನುತ್ತಿದ್ದರು. ಜೋಡಣೆ ಸರಿಯಾಗಿ ಕೂರಿಸುವ ಬಡಗಿಯ ಹಾಗೆ ಸಂಧಾನ ಕೂರಿಸುತ್ತಾನೆ ಅಂತ. ಇದನ್ನು ಹೇಳಿದಾಗ ಅಪ್ಪ ಎದ್ದು ನಿಂತರು. ಅವನ ಮಗ ಡ್ರ್ಯಾಗಿಂಗ್ ಕನೂ ಈ ವ್ಯಾಪಾರವನ್ನು ವಿರೋಧಿಸಿ ಸಭೆಯಿಂದ ಹೊರಟುಹೋದ. ಆ ನೆಲ ನೆಮ್ಮದಿಯಾಗಿ ಯಾರಿಗೂ ದಕ್ಕುವುದಿಲ್ಲ ಅಂತ ಎಚ್ಚರಿಸಿದ. ಮುಂದೆ ವರ್ಷಗಟ್ಟಲೆ ಹೋರಾಡಿದ. "ಅಪ್ಪ ಮಾರಿದ್ದನ್ನ ಮಗ ಒಪ್ಪಲಿಲ್ಲ" ಅಂದರು ಅಪ್ಪ. ಸ್ವಲ್ಪ ಹೊತ್ತು ನೀರು ನೋಡುತ್ತಾ ಸುಮ್ನೆ ನಿಂತರು. ಮುಂದಿನ ಎರಡು ದಿನ ಎಲ್ಲಿ ಹೋದರೂ ನನ್ನ ತಲೆಯಲ್ಲಿ ಆ ಮಗನೇ ಇದ್ದ.

ಸಂಜೆ ಕಿಂಗ್ಸ್‌ಪೋರ್ಟ್ ತಲುಪಿದೆವು. ಹೋಲ್‌ಸ್ಟನ್ ನದಿಯ ಲಾಂಗ್ ಐಲ್ಯಾಂಡ್ ಚೆರೋಕಿಗಳಿಗೆ ಪವಿತ್ರ ಜಾಗ. ಬೂನ್‌ನ ಕೊಡಲಿಯವರು ಸೇರಿ ಹೊರಟದ್ದೂ ಅಲ್ಲಿಂದಲೇ. ಈಗ ಸುತ್ತ ಕಾರ್ಖಾನೆಗಳು. 1976ರಲ್ಲಿ ಅದರ ಮೂರೂವರೆ ಎಕರೆ ಚಿಲ್ಲರೆ ಜಾಗವನ್ನು ಚೆರೋಕಿಗಳಿಗೆ ಮರಳಿ ಕೊಟ್ಟಿದ್ದಾರೆ. ಬೆಳಿಗ್ಗೆ ಕೇಳಿದ 2 ಕೋಟಿ ಎಕರೆಯ ಲೆಕ್ಕ ಕಿವಿಯಲ್ಲಿ ಇನ್ನೂ ಇತ್ತು.

ಎರಡನೇ ದಿನ: ಒಂದು ಹಲಗೆ, ಒಂದು ಕಣಿವೆ

ಡಫೀಲ್ಡ್ ಆದ ಮೇಲೆ 58ನೇ ರಸ್ತೆ. ವರ್ಜೀನಿಯಾದ ತೀರಾ ಪಶ್ಚಿಮದ ಮೂಲೆ ಇದು. ಬಲಗಡೆ ಉದ್ದಕ್ಕೂ ಕಂಬರ್‌ಲ್ಯಾಂಡ್ ಬೆಟ್ಟದ ಗೋಡೆ, ಕೆಳಗೆ ಪೊವೆಲ್ ಕಣಿವೆ, ಹುಲ್ಲುಗಾವಲಿನಲ್ಲಿ ಕಪ್ಪು ದನಗಳು. ಅಂಗಡಿ, ಪೆಟ್ರೋಲ್ ಬಂಕ್ ದೂರ ದೂರ. ಜೋನ್ಸ್‌ವಿಲ್ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಹಿಂದಿನ ಟೈರ್ ಪಂಚರ್. ಫೋನಿಗೆ ಸಿಗ್ನಲ್ ಇಲ್ಲ. ಸ್ಟೆಪ್ನಿ ಇತ್ತು, ಆದರೆ ಅದರಲ್ಲೂ ಗಾಳಿ ಕಡಿಮೆ. ಹೊರಡುವ ಮುಂಚೆ ಸ್ಟೆಪ್ನಿಯ ಗಾಳಿ ನೋಡಬೇಕಿತ್ತು, ನಾನು ನೋಡಿರಲಿಲ್ಲ.

ಹತ್ತು ನಿಮಿಷದಲ್ಲಿ ಒಂದು ಹಳೆ ಪಿಕಪ್ ತಾನಾಗಿ ನಿಂತಿತು. ಎಪ್ಪತ್ತು ದಾಟಿದ ಹಿರಿಯರು. ಪುಟ್ಟ ಕಂಪ್ರೆಸರ್ ಇಳಿಸಿ ಗಾಳಿ ತುಂಬಿದರು, ಟೈರ್ ಬದಲಾಯಿಸಲು ನನ್ನನ್ನು ಬಿಡಲೇ ಇಲ್ಲ. ಈ ಬೆಟ್ಟಸೀಮೆಯ ಹೆಸರನ್ನು ನಾನು 'ಅಪಲೇಷಿಯಾ' ಅಂದಾಗ ನಕ್ಕು ತಿದ್ದಿದರು: "ನಾವು ಆಪಲ್ಯಾಚಾ ಅಂತೀವಿ, ಮಗಳೇ." ಅಪ್ಪ ಮರದ ಕೆಲಸದವರು ಅಂತ ಗೊತ್ತಾದ ಮೇಲೆ ಮಾತು ಶುರುವಾಯಿತು. ತಾತನ ಕಾಲದ ದಿಮ್ಮಿ ಕೊಟ್ಟಿಗೆ ಇನ್ನೂ ಇದೆಯಂತೆ. ಚೆಸ್ಟ್‌ನಟ್ ಮರದ್ದು. ಆ ಮರ ಈ ಬೆಟ್ಟಗಳ ತುಂಬಾ ಇತ್ತು, ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಒಂದು ಬೂಷ್ಟಿನ ರೋಗ ಬಂದು ದೊಡ್ಡ ಮರಗಳೆಲ್ಲ ಹೋದವು. ನಾನು ನಡುವೆ ನಿಂತು ಕನ್ನಡಕ್ಕೂ ಇಂಗ್ಲಿಷಿಗೂ ದಾಟಿಸುತ್ತಿದ್ದೆ, ಆದರೆ ಮೂಲೆ ಜೋಡಣೆ ಹೇಗೆ ಅನ್ನುವಾಗ ಇಬ್ಬರೂ ಕೈಬೆರಳು ಹೆಣೆದೇ ತೋರಿಸಿಕೊಂಡರು. ಅದಕ್ಕೆ ನಾನು ಬೇಕಾಗಲಿಲ್ಲ.

ಮಾರ್ಟಿನ್ಸ್ ಸ್ಟೇಷನ್ ಇರುವುದು ಯೂಯಿಂಗ್ ಬಳಿಯ ವೈಲ್ಡರ್‌ನೆಸ್ ರೋಡ್ ಸ್ಟೇಟ್ ಪಾರ್ಕಿನಲ್ಲಿ. ಮೂಲ ಜಾಗ ಕೆಲವು ಮೈಲಿ ಹಿಂದೆ, ರೋಸ್ ಹಿಲ್‌ನಲ್ಲಿತ್ತು. ಜೋಸೆಫ್ ಮಾರ್ಟಿನ್ 1769ರಲ್ಲಿ ಇಲ್ಲಿ ಬಂದು ಬಿತ್ತಿದ, ಆ ವರ್ಷವೇ ಬಿಟ್ಟು ಹೋಗಬೇಕಾಯಿತು. 1775ರಲ್ಲಿ ಮತ್ತೆ ಬಂದ. ಕೆಂಟಕಿಗೆ ಹೋಗುವವರಿಗೆ ಕಣಿವೆ ದಾಟುವ ಮುಂಚಿನ ಕೊನೆಯ ತಂಗುದಾಣ ಇದು. ಈಗಿನದನ್ನು ಹಳೆ ಕಾಲದ ಹತಾರಗಳಿಂದಲೇ ಕಟ್ಟಿದ್ದಾರೆ. ಅದು ನೋಡಿದ ತಕ್ಷಣ ಗೊತ್ತಾಗುತ್ತದೆ. ಗೋಡೆಯ ದಿಮ್ಮಿಗಳ ಮೇಲೆ ಕೊಡಲಿ ಏಟಿನ ಗುರುತು ಒಂದರ ಪಕ್ಕ ಒಂದು, ಮೀನಿನ ಪೊರೆಯ ಹಾಗೆ. ದಿಮ್ಮಿಗಳ ಸಂದಿಗೆ ಮರದ ಚಕ್ಕೆ ತುರುಕಿ ಮೇಲೆ ಮಣ್ಣು ಮೆತ್ತಿದ್ದಾರೆ. ಮಣ್ಣಿನಲ್ಲಿ ಬೆರಳಿನ ಅಚ್ಚು ಒಣಗಿ ನಿಂತಿತ್ತು. ಮಗ ತನ್ನ ಬೆರಳನ್ನು ಅದರೊಳಗೆ ಇಟ್ಟು ನೋಡಿದ.

ಅಂಗಳದಲ್ಲಿ ಒಬ್ಬರು ಆ ಕಾಲದ ಉಡುಪಿನಲ್ಲಿ ಕೂತು ಚಾವಣಿಗೆ ಮರದ ಹಲಗೆ ಸೀಳುತ್ತಿದ್ದರು. ಬಿಳಿ ಓಕ್ ಮರದ ಗಿಡ್ಡ ತುಂಡು. ಅದರ ಮೇಲೆ ಉದ್ದ ಅಲಗಿನ ಮೊಂಡು ಕತ್ತಿ, ಹಿಡಿ ಮೇಲಕ್ಕೆ ನೆಟ್ಟಗೆ ನಿಂತದ್ದು. ಕೊಡತಿಯಿಂದ ಅಲಗಿನ ಬೆನ್ನಿಗೆ ಒಂದು ಏಟು, ಆಮೇಲೆ ಹಿಡಿಯನ್ನು ಮೆಲ್ಲಗೆ ತಿರುಚುವುದು. ಮರ ಎಳೆ ಹಿಡಿದು 'ಟಪ್' ಅಂತ ತಾನೇ ಬಿಡುತ್ತದೆ. ಅಪ್ಪ ಕಣ್ಣು ಕದಲಿಸದೆ ನೋಡಿದರು. ಆಮೇಲೆ ನನಗೆ ಹೇಳಿದರು, "ಗರಗಸ ಎಳೆ ಕತ್ತರಿಸುತ್ತೆ, ಅಲ್ಲಿಂದ ನೀರು ಇಳಿಯುತ್ತೆ. ಸೀಳಿದರೆ ಎಳೆ ತುಂಡಾಗಲ್ಲ, ನೀರು ಜಾರಿ ಹೋಗುತ್ತೆ. ಮೂವತ್ತು ವರ್ಷ ಗರಗಸದ ಹತ್ತಿರ ನಿಂತೆ, ನನಗೆ ಸೀಳಿದ ಹಲಗೆನೇ ಇಷ್ಟ." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಮನುಷ್ಯ ಎದ್ದು ಕೊಡತಿಯನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟರು. ಮೊದಲ ಏಟು ಓರೆಯಾಯಿತು. ಎರಡನೆಯದಕ್ಕೆ ಹಲಗೆ ತುದಿಯಿಂದ ತುದಿಗೆ ಬಂತು. ಅದನ್ನು ಅಪ್ಪನಿಗೇ ಕೊಟ್ಟರು. ಈಗ ನಮ್ಮ ಬಾಲ್ಕನಿಯಲ್ಲಿ ತುಳಸಿ ಕುಂಡದ ಕೆಳಗೆ ಇದೆ, ಮಳೆ ಬಂದ ದಿನ ಹುಳಿ ಹುಳಿ ವಾಸನೆ ಬರುತ್ತದೆ.

ಮಧ್ಯಾಹ್ನ ದಾರಿಬದಿಯ ಹೋಟೆಲಿನಲ್ಲಿ ಸೂಪ್ ಬೀನ್ಸ್, ಕಾರ್ನ್ ಬ್ರೆಡ್ ಕೇಳಿದೆವು. ಹುರುಳಿಯ ಬಣ್ಣದ ಕಾಳು, ನೋಡಿದರೆ ನಮ್ಮ ಕಾಳು ಸಾರಿನ ಹಾಗೇ. ಸದ್ಯ, ಬಡಿಸುವ ಹುಡುಗಿಯೇ "ಇದು ಹಂದಿ ಮೂಳೆ ಹಾಕಿ ಬೇಯಿಸಿದ್ದು" ಅಂದಳು. ಈ ಕಡೆ ಕಾಳು, ಸೊಪ್ಪು ಎರಡನ್ನೂ ಹಾಗೇ ಮಾಡುವುದು ರೂಢಿ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಕಾರ್ನ್ ಬ್ರೆಡ್‌ಗೆ ಬೆಣ್ಣೆ, ಮೇಲೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಜೊತೆಗೆ ಬೆಣ್ಣೆಯಲ್ಲಿ ಹುರಿದ ಸೇಬು. ಹುಡುಗಿಯೂ ಚಟ್ನಿಪುಡಿ ಒಂದು ಚಿಟಿಕೆ ಇಸಿದುಕೊಂಡಳು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚಿಟಿಕೆ ಕೇಳಿದಳು.

ಮೂರು ಗಂಟೆಗೆ ಕಂಬರ್‌ಲ್ಯಾಂಡ್ ಗ್ಯಾಪ್. ಬೆಟ್ಟದ ಗೋಡೆಯಲ್ಲಿ ಇರುವ ಒಂದು ತಗ್ಗು. ಮೊದಲು ಪ್ರಾಣಿಗಳು, ಆಮೇಲೆ ಚೆರೋಕಿಗಳು ಮತ್ತು ಶಾನೀ ಎಂಬ ಇನ್ನೊಂದು ಮೂಲನಿವಾಸಿ ಬುಡಕಟ್ಟಿನ ಯೋಧರು, ಆಮೇಲೆ ಬೂನ್. 1810ರ ಹೊತ್ತಿಗೆ 2ರಿಂದ 3 ಲಕ್ಷ ಜನ ಇಲ್ಲಿಂದ ದಾಟಿದ್ದರಂತೆ. ಇಪ್ಪತ್ತನೇ ಶತಮಾನದಲ್ಲಿ ಇಲ್ಲೇ ಡಾಂಬರು ಹೆದ್ದಾರಿ ಇತ್ತು. 1996ರಲ್ಲಿ ಬೆಟ್ಟದ ಅಡಿಯಲ್ಲಿ ಸುರಂಗ ತೆರೆದ ಮೇಲೆ ಮೇಲಿನ ಹೆದ್ದಾರಿಯನ್ನು ಕಿತ್ತು, ಮಣ್ಣು ತುಂಬಿ, ಗಿಡ ನೆಟ್ಟು, ಹಳೆ ಗಾಡಿ ದಾರಿಯ ಹಾಗೆ ಮಾಡಿದ್ದಾರೆ. ಕೋಟೆ ಮತ್ತೆ ಕಟ್ಟುವುದನ್ನು ಕೇಳಿದ್ದೆ, ಇಲ್ಲಿ ದಾರಿಯನ್ನೇ ಮತ್ತೆ ಕಾಡಿಗೆ ತಂದಿದ್ದಾರೆ. ಮೂರು ದಿನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಊರಿನ ಹಳೆ ಕಬ್ಬಿಣದ ಕುಲುಮೆಯ ಹತ್ತಿರ ಕಾರು ಬಿಟ್ಟು ಹತ್ತಿದೆವು. ಮೈಲಿಗಿಂತ ಕಡಿಮೆ ದೂರ, ಆದರೆ ಒದ್ದೆ ಎಲೆಯ ಮೇಲೆ ಕಾಲು ಜಾರುತ್ತದೆ. ಅಪ್ಪ ನಿಧಾನವಾಗಿ ಬಂದರು. ದಾರಿಯಲ್ಲಿ ಮಗನಿಗೆ ಬೂನ್‌ನ ಮಗ ಜೇಮ್ಸ್ ಕತೆ ಹೇಳಿದೆ. 1773ರಲ್ಲಿ ಬೂನ್ ಕುಟುಂಬ ಮೊದಲ ಸಲ ಹೊರಟಾಗ ಪೊವೆಲ್ ಕಣಿವೆಯಲ್ಲಿ ಕೊಲೆಯಾದ ಹುಡುಗ. ಹದಿನಾರು ವರ್ಷ. ಅವರು ತಿರುಗಿ ಹೋದರು. ಎರಡು ವರ್ಷಕ್ಕೆ ಅದೇ ದಾರಿಯಲ್ಲಿ ಮತ್ತೆ ಬಂದರು. ಆ ತಾಯಿ ರೆಬೆಕಾ ಈ ಏರು ಹೇಗೆ ಹತ್ತಿದಳೋ. ನಾನೂ ಊರು ಬಿಟ್ಟು ಬಂದವಳೇ, ಆದರೆ ನನ್ನದು ಎರಡು ಸೂಟ್‌ಕೇಸು ಮತ್ತು ವಿಮಾನ. ಅವಳ ದುಃಖಕ್ಕೂ, ಡ್ರ್ಯಾಗಿಂಗ್ ಕನೂನ ಸಿಟ್ಟಿಗೂ ನನ್ನ ಮನಸ್ಸಿನಲ್ಲಿ ಜಾಗ ಇತ್ತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಗನಿಗೆ ಅರ್ಧ ಚರಿತ್ರೆ ಕಲಿಸಿದ ಹಾಗೆ.

ಕತ್ತಲಾಗುವ ಮುಂಚೆ ಪಿನಾಕಲ್ ಎಂಬ ಶಿಖರಕ್ಕೆ ಕಾರಿನಲ್ಲಿ ಹೋದೆವು. 2,440 ಅಡಿ. ಕೆಂಟಕಿ, ವರ್ಜೀನಿಯಾ, ಟೆನ್ನೆಸ್ಸಿ ಮೂರೂ ಕಾಣುತ್ತವೆ. ನಮಗೆ ಕಂಡದ್ದು ಐದೇ ನಿಮಿಷ, ಆಮೇಲೆ ಮೋಡ ಬಂದು ಎಲ್ಲ ಬಿಳಿ.

ಮೂರನೇ ದಿನ: ಬೂನ್ಸ್‌ಬರೋ

ರಾತ್ರಿಯಿಡೀ ಮಳೆ. ಮಿಡಲ್ಸ್‌ಬರೋದಿಂದ ಕಾರ್ಬಿನ್, ಅಲ್ಲಿಂದ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಎರಡು ಗಂಟೆ. ಬೂನ್‌ಗೆ ಕಾಡು ಕಡಿಯುತ್ತಾ ಬರಲು ಮೂರು ವಾರ ಹಿಡಿದಿತ್ತು. 1775ರ ಏಪ್ರಿಲ್ 1ರಂದು ಕೆಂಟಕಿ ನದಿ ದಂಡೆಗೆ ಅವರು ಬಂದಾಗ ಅಲ್ಲಿನ ಉಪ್ಪುನೀರಿನ ಒರತೆಯಲ್ಲಿ ಇನ್ನೂರು ಮುನ್ನೂರು ಕಾಡೆಮ್ಮೆಗಳಿದ್ದವು ಅಂತ ಜೊತೆಗಿದ್ದ ಫೀಲಿಕ್ಸ್ ವಾಕರ್ ಬರೆದಿದ್ದಾನೆ. ಇಪ್ಪತ್ತೈದು ವರ್ಷದಲ್ಲಿ ಕೆಂಟಕಿಯಲ್ಲಿ ಕಾಡೆಮ್ಮೆಯೇ ಇಲ್ಲವಾಯಿತು.

ಈಗಿನ ಕೋಟೆ 1974ರದು, ಪ್ರವಾಹಕ್ಕೆ ಸಿಗದ ಹಾಗೆ ಗುಡ್ಡದ ಮೇಲಿದೆ. ಮೂರರಲ್ಲಿ ದೊಡ್ಡದು ಇದೇ. ಆಯತಾಕಾರ, ನಾಲ್ಕು ಮೂಲೆಗೆ ಎರಡಂತಸ್ತಿನ ಕಾವಲು ಮನೆಗಳು, ನಡುವೆ ಸಾಲು ಮನೆಗಳು. ಪ್ರತಿ ಮನೆಯಲ್ಲಿ ಒಂದು ಕಸುಬು: ಕಮ್ಮಾರಿಕೆ, ನೇಯ್ಗೆ, ಮೇಣದಬತ್ತಿ. ಚಳಿಗಾಲ ಬಂದರೆ ಬಾಗಿಲು ತೆರೆಯುವ ದಿನಗಳು ಕಡಿಮೆ, ಫೋನ್ ಮಾಡಿಕೊಂಡೇ ಹೊರಡಿ. ಅಂಗಳವೆಲ್ಲ ಕೆಸರಾಗಿತ್ತು. ಮಗನ ಒಂದು ಶೂ ಕೆಸರಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಸೋಪು ಮಾಡುತ್ತಿದ್ದ ಹೆಂಗಸು ಬೂದಿ ನೀರಿನ ಹಂಡೆ ಬಿಟ್ಟು ಬಂದು ಶೂ ಕಿತ್ತುಕೊಟ್ಟರು, ಒಲೆಯ ಮುಂದೆ ಕಾಲುಚೀಲ ಒಣಗಿಸಿಕೊಟ್ಟರು. ಆ ಅರ್ಧ ಗಂಟೆಯಲ್ಲಿ 1778ರ ಮುತ್ತಿಗೆಯ ಕತೆಯೆಲ್ಲ ಹೇಳಿದರು. ಕತೆ ಹೇಳುವಾಗ ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನು ತೋರಿಸುತ್ತಿದ್ದರು. ಯಾಕೆ ಅಂತ ಕೊನೆಗೆ ಗೊತ್ತಾಯಿತು.

ಆ ವರ್ಷ ಫೆಬ್ರವರಿಯಲ್ಲಿ ಉಪ್ಪು ಕಾಯಿಸಲು ಹೋದ ಬೂನ್ ಮತ್ತು ಸಂಗಡಿಗರು ಶಾನೀಗಳಿಗೆ ಸೆರೆಸಿಕ್ಕರು. ಶಾನೀ ನಾಯಕ ಬ್ಲ್ಯಾಕ್‌ಫಿಶ್ ಬೂನ್‌ನನ್ನು ಮಗನಾಗಿ ದತ್ತು ತಗೊಂಡ, 'ಶೆಲ್ಟೋವಿ' ಅಂತ ಹೆಸರಿಟ್ಟ. ದೊಡ್ಡ ಆಮೆ ಅಂತ ಅರ್ಥ. ಜೂನ್‌ನಲ್ಲಿ ಬೂನ್ ತಪ್ಪಿಸಿಕೊಂಡು ನಾಲ್ಕು ದಿನದಲ್ಲಿ 160 ಮೈಲಿ ಓಡಿಬಂದ. ಸೆಪ್ಟೆಂಬರ್ 7ಕ್ಕೆ ಬ್ಲ್ಯಾಕ್‌ಫಿಶ್ ನಾನೂರಕ್ಕೂ ಹೆಚ್ಚು ಯೋಧರೊಂದಿಗೆ ಬಂದು ನಿಂತ. ಸಾಕಿದ ಅಪ್ಪ ಗೋಡೆಯ ಹೊರಗೆ, ಮಗ ಒಳಗೆ. ಒಳಗೆ ಬಂದೂಕು ಹಿಡಿಯುವವರು ಕಡಿಮೆ. ಹೆಂಗಸರು ಗಂಡಸರ ಟೋಪಿ ಅಂಗಿ ತೊಟ್ಟು ಓಡಾಡಿ ಜನ ಜಾಸ್ತಿ ಇರುವ ಹಾಗೆ ತೋರಿಸಿದರು. ಬೂನ್‌ನ ತಮ್ಮ ಸ್ಕ್ವೈರ್ ಬೂನ್ ಮರದ ಫಿರಂಗಿ ಮಾಡಿದ. "ಮರದ ಫಿರಂಗಿನಾ!" ಅಪ್ಪನ ಧ್ವನಿ ಏರಿತು. ಕಬ್ಬಿಣದ ಪಟ್ಟಿ ಬಿಗಿದಿದ್ದನಂತೆ, ಆದರೂ ಸೀಳಿಹೋಯಿತು. "ಸೀಳದೆ ಇರುತ್ತಾ? ಮದ್ದು ಎಳೆಗುಂಟಲೇ ದಾರಿ ಹುಡುಕುತ್ತೆ."

ಶಾನೀಗಳು ನದಿ ದಂಡೆಯಿಂದ ಕೋಟೆಯ ಕಡೆಗೆ ಸುರಂಗ ತೋಡಿದರು. ನದಿಯ ನೀರು ಕೆಂಪಾದದ್ದು ನೋಡಿ ಒಳಗಿನವರಿಗೆ ಗೊತ್ತಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಸುರಂಗ ಕುಸಿಯಿತು. ಸೆಪ್ಟೆಂಬರ್ 18ಕ್ಕೆ ಅವರು ಹೊರಟುಹೋದರು. "ಈ ಥರದ್ದೇ ಮಳೆ" ಅಂದರು ಆ ಹೆಂಗಸು.

ಅವರು ಹೇಳಿದ ಇನ್ನೊಂದು ಹೆಸರನ್ನು ನಾನು ಮರೆಯಬಾರದು ಅಂತ ಬರೆದುಕೊಂಡೆ. ಮಂಕ್ ಎಸ್ಟಿಲ್, ಗುಲಾಮನಾಗಿ ಇಲ್ಲಿಗೆ ಬಂದ ಕಪ್ಪು ಮನುಷ್ಯ. ಗುಹೆಯ ಪೆಟ್ಲುಪ್ಪಿನಿಂದ ಕೋಟೆಗೆ ಬಂದೂಕಿನ ಮದ್ದು ಮಾಡುತ್ತಿದ್ದ. 1782ರ ಒಂದು ಕಾಳಗದಲ್ಲಿ ಒಡೆಯ ಸತ್ತ, ಮಂಕ್ ಗಾಯಗೊಂಡ ಇನ್ನೊಬ್ಬನನ್ನು ಸುಮಾರು 25 ಮೈಲಿ ಹೊತ್ತು ತಂದ. ಆಮೇಲೆ ಬಿಡುಗಡೆ ಸಿಕ್ಕಿತು. ಕೆಂಟಕಿಯಲ್ಲಿ ಬಿಡುಗಡೆಯಾದ ಮೊದಲ ಗುಲಾಮ ಅವನೇ ಅನ್ನುತ್ತಾರೆ. ಕೋಟೆಯನ್ನು ಉಳಿಸಿದ ಮದ್ದು ಮಾಡಿದವನು ತಾನೇ ಸ್ವತಂತ್ರನಾಗಿರಲಿಲ್ಲ.

"ಆಗ ನಮ್ಮೂರಲ್ಲಿ ಏನಿತ್ತು ಅಜ್ಜ?" ಅಂತ ಮಗ ಕೇಳಿದ. ಅಪ್ಪ ತಡವರಿಸದೆ ಹೇಳಿದರು, "ಹೈದರಾಲಿ ಕಾಲ. ಈ ಮುತ್ತಿಗೆಯ ಮರುವರ್ಷವೇ ಚಿತ್ರದುರ್ಗ ಅವನ ಕೈಗೆ ಬಿತ್ತು." ನಾನು ಸೇರಿಸಿದೆ: 1782ರಲ್ಲಿ ಇದೇ ಅಮೆರಿಕದ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಹಡಗಿಗೆ 'ಹೈದರ್ ಆಲಿ' ಅಂತಲೇ ಹೆಸರಿಟ್ಟಿದ್ದರು. ಸೋಪಿನವರಿಗೂ ಅದು ಹೊಸ ಸುದ್ದಿ. ಎರಡು ಸಲ ಹೇಳಿಸಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮಳೆ ನಿಂತ ಮೇಲೆ ಕೆಳಗೆ ನದಿ ಹತ್ತಿರದ ಮೂಲ ಜಾಗಕ್ಕೆ ಹೋದೆವು. ಬಂದವರಲ್ಲಿ ಬಹಳ ಜನ ಮೇಲಿನ ಕೋಟೆ ನೋಡಿಯೇ ತಿರುಗುತ್ತಾರೆ, ಹಾಗೆ ಮಾಡಬೇಡಿ. ಇಲ್ಲಿ ಒಂದು ಸ್ಮಾರಕ, ಹುಲ್ಲು, ದೊಡ್ಡ ಸೈಕಮೋರ್ ಮರಗಳು, ಅಷ್ಟೇ. ಹೆಂಡರ್ಸನ್‌ನ ಕಂಪನಿಯ ಹಕ್ಕನ್ನು ವರ್ಜೀನಿಯಾ ಸರ್ಕಾರ ಕೆಲವೇ ವರ್ಷದಲ್ಲಿ ರದ್ದು ಮಾಡಿತು. ಆದರೆ ಭೂಮಿ ಚೆರೋಕಿಗಳಿಗಾಗಲಿ ಶಾನೀಗಳಿಗಾಗಲಿ ವಾಪಸ್ ಹೋಗಲಿಲ್ಲ. ಕೋಟೆಯ ಸುತ್ತ ಬೆಳೆದ ಊರೂ ಉಳಿಯಲಿಲ್ಲ. ಅಪ್ಪ ಒಂದು ಸೈಕಮೋರ್‌ಗೆ ಅಂಗೈ ಇಟ್ಟು ನಿಂತರು. ತೊಗಟೆ ಉದುರಿದ ಕಡೆ ಮರ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ನದಿ ಕೆಂಪಾಗಿ ಹರಿಯುತ್ತಿತ್ತು.

ಹತ್ತಿರದ ವಿಂಚೆಸ್ಟರ್‌ನಲ್ಲಿ 1926ರಿಂದ ಮಾಡುವ ಶುಂಠಿ ಸೋಡಾ 'ಏಲ್ ಎಯ್ಟ್' ಕುಡಿದು ಹೊರಟೆವು. 2024ರ ಹೆಲೀನ್ ಚಂಡಮಾರುತದಲ್ಲಿ ಐ-40 ಬೆಟ್ಟದ ಕಣಿವೆಯಲ್ಲಿ ಕೊಚ್ಚಿಹೋಗಿತ್ತು, ಅದಕ್ಕೇ ನಾವು ಸುತ್ತಾದರೂ ಐ-26 ಹಿಡಿದೆವು. ಹಿಂದಿನ ಸೀಟಿನಲ್ಲಿ ಮಗ ಶಾಲೆಗೆ ಚಿತ್ರ ಬರೆಯುತ್ತಿದ್ದ. ಪೆಟ್ರೋಲ್ ಹಾಕಿಸುವಾಗ ನೋಡಿದೆ. ಕೋಟೆ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟಿತ್ತು. ಉಳಿದ ಹಾಳೆಯೆಲ್ಲ ನದಿ, ಬೆಟ್ಟ, ದಾರಿ.

"ಜನ ಎಲ್ಲಿ ಕಂದಾ?"

"ಬರೀತಿದೀನಿ ಅಮ್ಮ. ಕೋಟೆ ಒಳಗಿನವರು ಆಯ್ತು. ಹೊರಗಿನವರು ತುಂಬಾ ಜಾಸ್ತಿ ಇದಾರೆ."

ಆಶ್‌ವಿಲ್ ದಾಟುವ ಹೊತ್ತಿಗೆ ಪೆನ್ಸಿಲ್ ಕೈಯಲ್ಲೇ ಇಟ್ಟುಕೊಂಡು ನಿದ್ದೆ ಹೋಗಿದ್ದ. ರಾತ್ರಿ ಹನ್ನೊಂದೂವರೆಗೆ ಮನೆ ಸೇರಿದೆವು. ಅಮ್ಮ ಅನ್ನ ಸಾರು ಬಿಸಿ ಮಾಡಿಟ್ಟು ಕಾಯುತ್ತಿದ್ದರು. ಅಪ್ಪ ಕೈ ತೊಳೆಯುವ ಮುಂಚೆಯೇ ಚೀಲದಿಂದ ಹಲಗೆ ತೆಗೆದು ಅಮ್ಮನ ಮೂಗಿನ ಹತ್ತಿರ ಹಿಡಿದರು.